ಹುಲಿಪಟ್ಟೆಯ ಪಕ್ಕದ ಹೆಸರು

2023ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ಒಂದು ಬೇಟೆ ಬಂದೂಕು ದೇಶ ಬಿಟ್ಟು ಹೋಗದಂತೆ ತಾತ್ಕಾಲಿಕ ತಡೆ ಹಾಕಿತು. ಅದರ ಬೆಲೆ 20 ಲಕ್ಷ ಪೌಂಡ್. 1793-94ರಲ್ಲಿ ಟಿಪ್ಪು ಸುಲ್ತಾನನಿಗಾಗಿ ಮೈಸೂರು ರಾಜ್ಯದಲ್ಲಿ ತಯಾರಾದದ್ದು. ಮುಂದೆ ಲಾರ್ಡ್ ಕಾರ್ನ್‌ವಾಲಿಸನಿಗೆ ಕೊಡುಗೆಯಾಗಿ ಹೋಯಿತೆಂದು ನಂಬಿಕೆ. ಮಾಡಿದವನು ಅಸದ್ ಖಾನ್ ಮುಹಮ್ಮದ್. ಸುದ್ದಿ ಓದಿ ಮುಗಿಸಿದ ಮೇಲೆ ನನ್ನ ತಲೆಯಲ್ಲಿ ಬೆಲೆ ಉಳಿಯಿತು, ಟಿಪ್ಪು ಉಳಿದ, ಕಾರ್ನ್‌ವಾಲಿಸ್ ಉಳಿದ. ನಾಲ್ಕನೆಯ ಹೆಸರಿಗಾಗಿ ಮತ್ತೆ ಹಿಂದಕ್ಕೆ ಹೋಗಿ ಓದಬೇಕಾಯಿತು. ಕನ್ನಡದ ಬೇಟೆ ಬರಹಗಳ ಮೇಲೆ ಸಂಶೋಧನೆ ಮಾಡುತ್ತಿರುವವನಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ.

ನಮ್ಮ ಗೌರಿಬಿದನೂರಿನ ಕಡೆ ಬಂದೂಕಿಗೆ ತುಪಾಕಿ ಅನ್ನುವುದೇ ಹೆಚ್ಚು. ನಾನು ಚಿಕ್ಕಂದಿನಲ್ಲಿ ಕಂಡ ತುಪಾಕಿ ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಇದ್ದದ್ದು. ಮರದ ಹಿಡಿ ಸೀಳಿದ್ದಕ್ಕೆ ತಂತಿ ಸುತ್ತಿದ್ದರು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಆದ್ದರಿಂದ ಬೆಳ್ಳಿ ಕೂರಿಸಿದ ಟಿಪ್ಪುವಿನ ಬಂದೂಕುಗಳ ಚಿತ್ರ ಮೊದಲ ಸಲ ನೋಡಿದಾಗ ನನಗೆ ಮೆಚ್ಚುಗೆಗಿಂತ ಮೊದಲು ಬಂದದ್ದು ಅನುಮಾನ. ಇದು ಗುಂಡು ಹಾರಿಸುವ ವಸ್ತುವೋ, ಮೆರವಣಿಗೆಯ ಒಡವೆಯೋ?

ಆ ಅನುಮಾನ ಕರಗಿದ್ದು ಬಂದೂಕಿನ ಒಂದು ಸಣ್ಣ ಭಾಗದಿಂದ. ಚಕಮಕಿ ಕಲ್ಲನ್ನು ಕಚ್ಚಿ ಹಿಡಿದಿದ್ದು, ಬಿಲ್ಲು ಎಳೆದಾಗ ಮುಂದಕ್ಕೆ ಬಡಿದು ಕಿಡಿ ಹಾರಿಸುವ ಭಾಗಕ್ಕೆ ಕನ್ನಡದಲ್ಲಿ ಕುದುರೆ ಎಂದು ಹೆಸರು. ಟಿಪ್ಪುವಿನ ಕೆಲವು ಬಂದೂಕುಗಳಲ್ಲಿ ಈ ಕುದುರೆಗೆ ಕೆಲಸಗಾರ ಹುಲಿಯ ರೂಪ ಕೊಟ್ಟಿದ್ದಾನೆ. ಕಚ್ಚುವುದು, ಎರಗುವುದು, ಬೆಂಕಿ ಕಾರುವುದು ಆ ಭಾಗದ ಕೆಲಸ. ಹುಲಿ ಅಲ್ಲಿ ಮೇಲೆ ಅಂಟಿಸಿದ ಚಿತ್ರವಲ್ಲ, ಕೆಲಸವೇ ಹುಲಿಯಾಗಿದೆ. ಆನಂದವರ್ಧನ ಒಳ್ಳೆಯ ಅಲಂಕಾರಕ್ಕೆ ಬೇರೆ ಯತ್ನ ಬೇಕಾಗದು ಎನ್ನುತ್ತಾನಲ್ಲ, ಎಂ.ಎ. ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಆ ಅಪೃಥಗ್ಯತ್ನ ನನಗೆ ಅರ್ಥವಾದದ್ದು ಒಂದು ಕಬ್ಬಿಣದ ತುಂಡಿನಲ್ಲಿ. ಎಲ್ಲ ಬಂದೂಕೂ ಹಾಗಿಲ್ಲ. ಕೆಲವದರಲ್ಲಿ ಬೆಳ್ಳಿ ಬರೀ ಬೆಳ್ಳಿ. ಸಿಕ್ಕ ಜಾಗದಲ್ಲೆಲ್ಲ ಹುಲಿಪಟ್ಟೆ ತುಂಬಿ ಕಣ್ಣಿಗೆ ದಣಿವು.

ಈ ಬಂದೂಕುಗಳ ಬಗ್ಗೆ ಹತ್ತಿರದಿಂದ ಬರೆದವನು ಸಂಗ್ರಾಹಕ ರಾಬಿನ್ ವಿಗಿಂಗ್ಟನ್. 1992ರಲ್ಲಿ ಅವನ ಪುಸ್ತಕ ಬಂತು. 2015ರ ಏಪ್ರಿಲ್‌ನಲ್ಲಿ ಅವನ ಸಂಗ್ರಹ ಲಂಡನ್ನಿನ ಬೊನ್‌ಹ್ಯಾಮ್ಸ್‌ನಲ್ಲಿ ಹರಾಜಾಗಿ ಒಟ್ಟು 60 ಲಕ್ಷ ಪೌಂಡ್ ದಾಟಿತು. ಒಂದೇ ನಳಿಗೆಯಿಂದ ಎರಡು ಸಲ ಹಾರುವ ಬೇಟೆ ಬಂದೂಕೊಂದಕ್ಕೇ 7,22,500 ಪೌಂಡ್. ಹರಾಜಿನ ವಿವರಣೆಯನ್ನು ನಾನು ಒಂದು ಸಾಹಿತ್ಯ ಪ್ರಕಾರವೆಂದೇ ಓದುತ್ತೇನೆ. ಅದರ ಗಮನ ಅಸಾಧ್ಯ ಸೂಕ್ಷ್ಮ. ನಳಿಗೆಯ ಉದ್ದ, ಬೆಳ್ಳಿಯ ಸವೆತ, ಪೈಗಂಬರರ ಜನನದಿಂದ ಎಣಿಸುವ ಮೌಲೂದಿ ಇಸವಿ, ಯಾವುದನ್ನೂ ಬಿಡುವುದಿಲ್ಲ. ಕುಶಲಿಯ ಹೆಸರನ್ನೂ ಬಿಡುವುದಿಲ್ಲ. ಆದರೆ ಆ ಹೆಸರು ಅಲ್ಲಿ ಬರುವುದು ಸಾಕ್ಷಿಯಾಗಿ. ವಸ್ತು ಟಿಪ್ಪುವಿನದೇ ಎಂದು ಹೇಳಿ ಸಾಕ್ಷಿ ಕಟಕಟೆಯಿಂದ ಇಳಿದು ಹೋಗುತ್ತಾನೆ.

ವಚನ ಓದಿದವರಿಗೆ ಇಲ್ಲಿ ಅಂಕಿತ ನೆನಪಾಗಬೇಕು. ಅಂಕಿತ ಬರೆದವರ ಹೆಸರಲ್ಲ, ಒಪ್ಪಿಸಿಕೊಂಡ ದೈವದ ಹೆಸರು. ಹುಲಿಪಟ್ಟೆ ಅಂಥದು: ಒಡೆಯನ ಅಂಕಿತ. ಅದರ ಪಕ್ಕದಲ್ಲೇ ತನ್ನ ಹೆಸರು ಕೆತ್ತಿದ ಕೆಲಸಗಾರ ಬೇರೆ ಏನೋ ಹೇಳುತ್ತಿದ್ದಾನೆ. ಹರಾಜಿನವರು ಅದನ್ನು ಕೇಳಿಸಿಕೊಳ್ಳಲಿಲ್ಲ, ಸರಿ. ನಾವು? ಟಿಪ್ಪು ಎಂದೊಡನೆ ವೀರನೋ ಕ್ರೂರಿಯೋ ಎಂದು ಎರಡು ಸಾಲಾಗಿ ನಿಲ್ಲುವ ನಾವೂ ಒಡೆಯನ ಹೆಸರನ್ನಷ್ಟೇ ಓದುತ್ತೇವೆ.

ನಮ್ಮ ಜಿಲ್ಲೆಗೂ ಈ ಬಂದೂಕಿಗೂ ಸಂಬಂಧವಿದೆ. 1791ರ ಅಕ್ಟೋಬರ್‌ನಲ್ಲಿ ನಂದಿದುರ್ಗವನ್ನು ಹಿಡಿದದ್ದು ಇದೇ ಕಾರ್ನ್‌ವಾಲಿಸನ ಸೈನ್ಯ. ಮರುವರ್ಷದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಗಂಡುಮಕ್ಕಳನ್ನೂ ಒಪ್ಪಿಸಬೇಕಾಯಿತು. ಮಕ್ಕಳು ಮರಳಿದ್ದು 1794ರಲ್ಲಿ. ಬಂದೂಕಿನ ಇಸವಿಯನ್ನು ಇದರ ಪಕ್ಕ ಇಟ್ಟು ನೋಡಿ. ಕೊಡುಗೆಯ ಮಾತು ನಿಜವಾದರೆ, ಮಕ್ಕಳನ್ನು ಒತ್ತೆ ಇಟ್ಟುಕೊಂಡವನಿಗೆ ತಂದೆ ಕೊಟ್ಟ ಬೇಟೆಯ ವಸ್ತು ಇದು. ಸೌಂದರ್ಯ, ಕುಶಲತೆ ಎಂದಷ್ಟೇ ಹೊಗಳಿ ಮುಂದೆ ಹೋಗಲು ನನಗೆ ಆಗುವುದಿಲ್ಲ. ಟಿಪ್ಪು ಡ್ರಾಪ್‌ನಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವಾಗ ಈ ಮಕ್ಕಳ ನೆನಪು ಯಾರಿಗೂ ಬರುವುದಿಲ್ಲ, ನನಗೂ ಬಂದಿರಲಿಲ್ಲ.

ಹೋದ ತಿಂಗಳು ಇಂಥದೊಂದು ಬಂದೂಕಿನ ಚಿತ್ರವನ್ನು ಶಿಡ್ಲಘಟ್ಟದ ಗೆಳೆಯನಿಗೆ ತೋರಿಸಿದೆ. ಅವರ ಮನೆಯಲ್ಲಿ ರೇಷ್ಮೆ ರೀಲಿಂಗ್ ಕೆಲಸ. ಅವನಿಗೆ ಉರ್ದು ಬರುತ್ತದೆ, ನನಗೆ ಬರುವುದಿಲ್ಲ. ಫೋನಿನ ಮೇಲೆ ಎರಡು ಬೆರಳಿಟ್ಟು ಚಿತ್ರ ಹಿಗ್ಗಿಸಿದ. ಹುಲಿಯನ್ನು ದಾಟಿ, ಬೆಳ್ಳಿಯನ್ನು ದಾಟಿ, ಅಕ್ಷರಗಳ ಹತ್ತಿರ ನಿಂತು, ಮಾಡಿದವನ ಹೆಸರನ್ನು ನಿಧಾನವಾಗಿ ಓದಿದ. ಆಮೇಲೆ ಕೇಳಿದ: “ಇವ್ನಿಗೆ ಕೂಲಿ ಎಷ್ಟು ಬಿದ್ದಿರುತ್ತೋ?”