ಪುಷ್ಪಮಾಲಾ ಕಟ್ಟಿದ ವೇಷಗಳು

ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಓಡಾಡುವ ಕೆಜಿಎಫ್ (ಕೋಲಾರ ಚಿನ್ನದ ಗಣಿ) ಮಂದಿಗೆ ಕಲಾವಿದೆ ಎನ್. ಪುಷ್ಪಮಾಲಾ ಅವರ ಚಿತ್ರಗಳು ಅಪರಿಚಿತ ಅನ್ನಿಸಲಾರವು. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಬರೋಡಾದಲ್ಲಿ ಶಿಲ್ಪಕಲೆ ಕಲಿತ ಅವರು, ಆಮೇಲೆ ತಮ್ಮ ಮೈಯನ್ನೇ ಮಾಧ್ಯಮ ಮಾಡಿಕೊಂಡರು. ವೇಷ ಕಟ್ಟಿ ಕ್ಯಾಮೆರಾ ಮುಂದೆ ನಿಂತರು.

ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವುಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಅವರೇ ರವಿವರ್ಮನ ಲಕ್ಷ್ಮಿ, ಅವರೇ ವೇಲಾಂಕಣ್ಣಿ ಮಾತೆ, ಸಿನಿಮಾದ ಜಯಲಲಿತಾ ಕೂಡ ಅವರೇ. ನನ್ನನ್ನು ಹೆಚ್ಚು ಕಾಡುವುದು ತೋಡ ಬುಡಕಟ್ಟಿನ ಹೆಣ್ಣಿನ ಚಿತ್ರ. ಬೆನ್ನ ಹಿಂದೆ ಚೌಕಳಿ ಪರದೆ. ಬ್ರಿಟಿಷರ ಕಾಲದಲ್ಲಿ ‘ನೇಟಿವ್’ ಜನರ ದೇಹ ಅಳೆಯಲು ಬಳಸುತ್ತಿದ್ದ ಬಗೆಯದು. ಅಳೆಯುವ ಕಣ್ಣನ್ನೇ ಪುಷ್ಪಮಾಲಾ ತಿರುಗಿ ನೋಡುತ್ತಾರೆ, ಒಳಗೊಳಗೇ ನಗುತ್ತಾ. ಇದೆಲ್ಲ ವೇಷ, ಹಿಂದಿರುವುದು ಬರೀ ಪರದೆ ಎಂಬುದನ್ನು ಮುಚ್ಚಿಡುವುದೂ ಇಲ್ಲ. ಕಂಪನಿ ನಾಟಕ ನೋಡಿದವರಿಗೆ ಈ ಮಜಾ ಗೊತ್ತು.

ಈ ಸರಣಿ ರೂಪುಗೊಳ್ಳುತ್ತಿದ್ದಾಗಲೇ, 2001ರ ಫೆಬ್ರವರಿ 28ರಂದು, ಕೆಜಿಎಫ್ ಗಣಿ ಮುಚ್ಚಿತು. ಆ ಅಳೆಯುವ ಕಣ್ಣು ಇಲ್ಲಿಗೂ ಹೊಸದಲ್ಲ: ಬ್ರಿಟಿಷ್ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಅಜ್ಜಂದಿರು ಬರೀ ಕೂಲಿಗಳಾಗಿದ್ದ ಊರು ಇದು. ಇಂಥ ಚಿತ್ರಗಳು ಮಹಾನಗರದ ಗ್ಯಾಲರಿಗಳಿಗಷ್ಟೇ ಮೀಸಲಾಗದೆ ಇಲ್ಲಿನ ಯಾವುದಾದರೂ ಸಭಾಂಗಣದಲ್ಲೂ ಒಂದು ವಾರ ತೂಗಲಿ.