ಹಾಡಿನ ನಡುವಣ ಮಾತು: ಸಾಕ್ಷ್ಯಚಿತ್ರಗಳಲ್ಲಿ ಪ್ರಹ್ಲಾದ್ ಸಿಂಗ್ ಟಿಪಾನಿಯಾ

ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಳ್ಳುವ ಜನಪದ ಗಾಯಕನಿಗೆ ಸಾಮಾನ್ಯವಾಗಿ ಎರಡೇ ಕೆಲಸಗಳು ದೊರೆಯುತ್ತವೆ. ಒಂದು, ಹಾಡುವುದು, ಇನ್ನೊಂದು, ತನ್ನ ಊರು-ಕೇರಿಗಳನ್ನು ಕ್ಯಾಮೆರಾಕ್ಕೆ ತೋರಿಸುವುದು. ಹಾಡಿನ ಅರ್ಥವೇನೆಂದು ಹೇಳುವ ಅಧಿಕಾರ ವಿದ್ವಾಂಸರಿಗೆ, ನಿರೂಪಕರಿಗೆ, ಪರದೆಯ ಕೆಳಗೆ ಓಡುವ ಅನುವಾದಕ್ಕೆ ಸೇರಿದ್ದೆಂಬುದು ಈ ಪ್ರಕಾರದ ಅಲಿಖಿತ ನಿಯಮ. ಮಾಳವ ಪ್ರಾಂತ್ಯದ ಕಬೀರ ಗಾಯಕ ಪ್ರಹ್ಲಾದ್ ಸಿಂಗ್ ಟಿಪಾನಿಯಾ ಅವರನ್ನು ಕೇಂದ್ರದಲ್ಲಿಟ್ಟುಕೊಂಡ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿದರೆ, ಈ ನಿಯಮ ಎಲ್ಲಿ ಮುರಿಯುತ್ತದೆ, ಎಲ್ಲಿ ಮುರಿಯಲಾರದೆ ಉಳಿಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಈ ಚಿತ್ರಗಳ ಹಿಂದೆ ಇರುವುದು ಶಬನಮ್ ವಿರ್ಮಾನಿ ಅವರು 2003ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ಆಶ್ರಯದಲ್ಲಿ ಆರಂಭಿಸಿದ ಕಬೀರ್ ಪ್ರಾಜೆಕ್ಟ್. 2002ರ ಗುಜರಾತ್ ಹಿಂಸಾಚಾರದ ನೆನಪಿನಿಂದ ಹೊರಟ ಈ ಯೋಜನೆಯಿಂದ, ಸುಮಾರು ಆರು ವರ್ಷಗಳ ತಿರುಗಾಟದ ಫಲವಾಗಿ, ನಾಲ್ಕು ಚಿತ್ರಗಳು ಹೊರಬಂದವು: ‘ಹದ್ ಅನ್‌ಹದ್’, ‘ಕೋಯಿ ಸುನ್‌ತಾ ಹೈ’, ‘ಚಲೋ ಹಮಾರಾ ದೇಸ್’ ಮತ್ತು ‘ಕಬೀರಾ ಖಡಾ ಬಾಜಾರ್ ಮೇ’. ಪ್ರತಿಯೊಂದೂ ಒಂದೂವರೆ ಗಂಟೆಗೂ ಮಿಕ್ಕಿದ ಅವಧಿಯದು. ಇವುಗಳಲ್ಲಿ ಕೊನೆಯ ಎರಡು ಟಿಪಾನಿಯಾ ಅವರ ಸುತ್ತಲೇ ಕಟ್ಟಲ್ಪಟ್ಟಿವೆ. 1954ರಲ್ಲಿ ಮಧ್ಯಪ್ರದೇಶದ ಉಜ್ಜಯಿನಿ ಜಿಲ್ಲೆಯ ಲುನ್ಯಾಖೇಡಿಯ ದಲಿತ ಕುಟುಂಬವೊಂದರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ಸರ್ಕಾರಿ ಶಾಲೆಯ ಶಿಕ್ಷಕರಾಗಿದ್ದವರು. ಅವರದು ಗಾಯಕರ ಮನೆತನವಲ್ಲ. ತಂಬೂರದ ನಾದಕ್ಕೆ ಮನಸೋತು ಹಾಡಿಗೆ ಬಂದವರು. 2011ರಲ್ಲಿ ಪದ್ಮಶ್ರೀ ಪಡೆದ ಮೇಲೆ ಅವರ ಹೆಸರು ದೇಶದೆಲ್ಲೆಡೆ ಹಬ್ಬಿತಾದರೂ, ನಗರದ ಕೇಳುಗರಲ್ಲಿ ಹಲವರಿಗೆ ಅವರ ಮೊದಲ ಪರಿಚಯವಾದದ್ದು ಈ ಚಿತ್ರಗಳ ಮೂಲಕವೇ.

ಅವರ ಗಾಯನಕ್ರಮವನ್ನು ತಿಳಿಯದೆ ಈ ಚಿತ್ರಗಳ ಬೆಲೆಯನ್ನು ಕಟ್ಟಲಾಗದು. ಒಂದು ಕೈಯಲ್ಲಿ ತಂಬೂರ, ಇನ್ನೊಂದರಲ್ಲಿ ಕರತಾಳ. ಹಿನ್ನೆಲೆಯಲ್ಲಿ ಢೋಲಕ್, ಹಾರ್ಮೋನಿಯಂ, ಮಂಜೀರ, ಪಿಟೀಲು. ಮೊದಲು ಸಾಖಿ, ಬಳಿಕ ಭಜನೆ. ಭಜನೆಯ ನಡುವೆ, ವಾದ್ಯಗಳು ಮೆಲ್ಲನೆ ನುಡಿಯುತ್ತಿರುವಾಗಲೇ, ಅವರು ಹಾಡನ್ನು ನಿಲ್ಲಿಸಿ ಮಾತಿಗೆ ತೊಡಗುತ್ತಾರೆ. ಪದದ ಅರ್ಥ ಬಿಡಿಸುತ್ತಾರೆ, ಎದುರಿಗಿರುವವರನ್ನು ಪ್ರಶ್ನಿಸುತ್ತಾರೆ, ಜಾತಿಯನ್ನೂ ಆಡಂಬರವನ್ನೂ ಕೆಣಕುತ್ತಾರೆ, ಮತ್ತೆ ಪಲ್ಲವಿಗೆ ಮರಳುತ್ತಾರೆ. ಈ ಮಾತು ಎರಡು ಹಾಡುಗಳ ನಡುವಣ ಬಿಡುವಿನ ಭರ್ತಿಯಲ್ಲ; ಅದು ಪ್ರಯೋಗದ ಅವಿಭಾಜ್ಯ ಅಂಗ. ಶಾಲಾ ಶಿಕ್ಷಕನ ತರಬೇತಿಯೂ ನಿರ್ಗುಣ ಪರಂಪರೆಯ ಸತ್ಸಂಗವೂ ಅಲ್ಲಿ ಒಂದಾಗುತ್ತವೆ. ಆದುದರಿಂದ ಟಿಪಾನಿಯಾ ಅವರ ಹಾಡನ್ನಷ್ಟೇ ಕತ್ತರಿಸಿ ತೆಗೆದ ಧ್ವನಿಮುದ್ರಣ ಎಷ್ಟೇ ಶುದ್ಧವಾಗಿದ್ದರೂ ಅದು ಅವರ ಪ್ರಯೋಗದ ಅರ್ಧಭಾಗ ಮಾತ್ರ.

‘ಚಲೋ ಹಮಾರಾ ದೇಸ್’ ಚಿತ್ರದ ಎಳೆ ಟಿಪಾನಿಯಾ ಮತ್ತು ಅಮೆರಿಕದ ವಿದ್ವಾಂಸೆ ಲಿಂಡಾ ಹೆಸ್ ಅವರ ಗೆಳೆತನ. ಕಬೀರರ ‘ಬೀಜಕ’ವನ್ನು ಇಂಗ್ಲಿಷಿಗೆ ತಂದ ಹೆಸ್ ಅವರು ಗ್ರಂಥದ ಕಬೀರರಿಂದ ಹಾಡಿನ ಕಬೀರರ ಕಡೆಗೆ ಹೊರಳಿದ್ದು ಮಾಳವದ ಗಾಯಕರ ಒಡನಾಟದಿಂದ, 2015ರಲ್ಲಿ ಪ್ರಕಟವಾದ ಅವರ ‘ಬಾಡೀಸ್ ಆಫ್ ಸಾಂಗ್’ ಆ ಹೊರಳುವಿಕೆಯ ವಿಸ್ತೃತ ದಾಖಲೆ. ವಿದ್ವಾಂಸೆ ಮತ್ತು ಮಾಹಿತಿದಾರ ಎಂಬ ಹಳೆಯ ಶ್ರೇಣಿಯನ್ನು ಈ ಚಿತ್ರ ಸಡಿಲಿಸುತ್ತದೆ. ಇಬ್ಬರೂ ಒಂದೇ ಪದಕ್ಕೆ ಅರ್ಥ ಹುಡುಕುವವರು. ಒಬ್ಬರು ಹಾಡಿ, ಇನ್ನೊಬ್ಬರು ಅನುವಾದಿಸಿ. ಶೀರ್ಷಿಕೆಯ ‘ದೇಸ್’ ಭೂಪಟದ ಮೇಲಿನ ದೇಶವಲ್ಲ, ಒಳಗಿನ ನೆಲೆ ಎಂಬುದನ್ನು ಕಬೀರ ಪದಗಳ ಪರಿಚಯವುಳ್ಳವರು ಬಲ್ಲರು. ಚಿತ್ರವೂ ಅದನ್ನು ಬಲ್ಲುದು. ಆದರೂ ಅದರ ಚಲನೆ ಹಳ್ಳಿಯಿಂದ ವಿದೇಶಕ್ಕೆ, ವಿದೇಶದಿಂದ ಹಳ್ಳಿಗೆ ಸಾಗುವ ಪ್ರಯಾಣದ್ದೇ ಆಗಿರುವುದರಿಂದ, ಒಳಗಿನ ದೇಸ್ ಆಗಾಗ ಹೊರಗಿನ ದೃಶ್ಯಗಳಲ್ಲಿ ಕರಗಿಹೋಗುತ್ತದೆ. ಗೆಳೆತನದ ಬೆಚ್ಚನೆಯ ವಾತಾವರಣದಲ್ಲಿ ಗಾಯಕನಿಗೆ ಗೌರವವಿದೆ. ಭಿನ್ನಮತಕ್ಕೆ ಎಡೆ ಕಡಿಮೆ.

ಇಲ್ಲಿ ಶೀರ್ಷಿಕೆಗಳ ಕಡೆಗೂ ಗಮನ ಹರಿಸಬೇಕು. ನಾಲ್ಕೂ ಚಿತ್ರಗಳಿಗೆ ‘ಜರ್ನೀಸ್ ವಿತ್’ ಎಂದು ಆರಂಭವಾಗುವ ಉಪಶೀರ್ಷಿಕೆಗಳಿವೆ. ‘ಕೋಯಿ ಸುನ್‌ತಾ ಹೈ’ ಚಿತ್ರದ ಪಯಣ ‘ಕುಮಾರ್ ಮತ್ತು ಕಬೀರ್’ ಜೊತೆಗಿನದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಶಿವಪುತ್ರ ಕೊಂಕಾಳಿಮಠರಾಗಿ ಹುಟ್ಟಿದ, ಕ್ಷಯರೋಗದ ಕಾರಣದಿಂದ 1948ರಲ್ಲಿ ದೇವಾಸಕ್ಕೆ ಹೋಗಿ ನೆಲೆಸಿ, ಮಾಳವದ ಜನಪದ ಧಾಟಿಗಳನ್ನು ಶಾಸ್ತ್ರೀಯ ಸಂಗೀತಕ್ಕೆ ತಂದ ಕುಮಾರ ಗಂಧರ್ವರ ಹೆಸರು ಅಲ್ಲಿ ಕಬೀರರ ಹೆಸರಿನ ಪಕ್ಕದಲ್ಲೇ ನಿಂತಿದೆ. ಟಿಪಾನಿಯಾ ಅವರ ಚಿತ್ರದ ಉಪಶೀರ್ಷಿಕೆಯಲ್ಲಿರುವುದು ‘ಕಬೀರ್ ಮತ್ತು ಗೆಳೆಯರು’. ಎರಡು ಚಿತ್ರಗಳ ಭಾರ ಹೊತ್ತ ಗಾಯಕನ ಹೆಸರು ಒಂದರ ತಲೆಬರಹದಲ್ಲೂ ಇಲ್ಲ. ಇದರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಗೆಳೆತನವೆಂಬ ಪದಕ್ಕೆ ತನ್ನದೇ ಘನತೆಯಿದೆ. ಆದರೆ ಶಾಸ್ತ್ರೀಯ ಗಾಯಕನನ್ನು ವ್ಯಕ್ತಿಯೆಂದೂ ಜನಪದ ಗಾಯಕನನ್ನು ಪರಂಪರೆಯ ಪ್ರತಿನಿಧಿಯೆಂದೂ ಕಾಣುವ ರೂಢಿ, ಅದನ್ನು ಪ್ರಶ್ನಿಸಲೆಂದೇ ಹೊರಟ ಚಿತ್ರಮಾಲೆಯಲ್ಲೂ ಉಳಿದುಕೊಂಡಿದೆ. ಮಾಳವದ ಧಾಟಿಗೆ ಕನ್ನಡ ಮೂಲದ ಗಾಯಕರೊಬ್ಬರು ತೀರಿಸಿದ ಋಣವನ್ನು ಅಭಿಮಾನದಿಂದ ನೆನೆಯುವ ಕನ್ನಡ ಓದುಗರೂ ಈ ರೂಢಿಯಿಂದ ಪೂರ್ಣ ಹೊರತಲ್ಲ.

ಈ ಮಿತಿಯನ್ನು ದಾಟುವುದು ‘ಕಬೀರಾ ಖಡಾ ಬಾಜಾರ್ ಮೇ’. ಹಿನ್ನೆಲೆಯಲ್ಲಿ ಎರಡು ಲೋಕಗಳಿವೆ. ಒಂದು, ಶಿಕ್ಷಣ ಕ್ಷೇತ್ರದ ‘ಏಕಲವ್ಯ’ ಸಂಸ್ಥೆ 1990ರ ದಶಕದಲ್ಲಿ ದೇವಾಸದಲ್ಲಿ ನಡೆಸಿದ ಕಬೀರ್ ಭಜನ್ ಏವಂ ವಿಚಾರ್ ಮಂಚ್. ಭಜನಾ ಮಂಡಳಿಗಳು ಅಲ್ಲಿ ರಾತ್ರಿಯಿಡೀ ಸೇರಿ ಹಾಡುತ್ತಿದ್ದವು. ಹಾಡಿನ ಜೊತೆಗೆ ಚರ್ಚೆಯೂ ನಡೆಯುತ್ತಿತ್ತು. ಇನ್ನೊಂದು, ಕಬೀರರನ್ನೇ ದೈವವೆಂದು ಪೂಜಿಸುವ, ಚೌಕಾ ಆರತಿಯಂಥ ವಿಧಿಗಳುಳ್ಳ ಕಬೀರ ಪಂಥ. ಟಿಪಾನಿಯಾ ಎರಡರಲ್ಲೂ ಕಾಲಿಟ್ಟವರು. ಅವರು ಪಂಥದ ಮಹಂತರಾದದ್ದು ಗೆಳೆಯರಲ್ಲಿ ಕಳವಳ ಹುಟ್ಟಿಸುತ್ತದೆ. ವಿಧಿಗಳನ್ನು ತಿರಸ್ಕರಿಸಿದ ಕವಿಯ ಹೆಸರಿನಲ್ಲಿ ವಿಧಿ ನಡೆಸುವುದೆಂತು ಎಂಬ ಪ್ರಶ್ನೆ ಎದುರಾಗುತ್ತದೆ. ಪಂಥದೊಳಗಿದ್ದೇ ಹೆಚ್ಚು ಜನರಿಗೆ ಕಬೀರರ ಮಾತನ್ನು ಮುಟ್ಟಿಸಬಹುದೆಂಬುದು ಅವರ ವಾದ. ಆ ವಾದವನ್ನು ಒಪ್ಪಬೇಕಿಲ್ಲ. ಚಿತ್ರದ ಹಿರಿಮೆಯಿರುವುದು ಅದನ್ನು ವಾದವೆಂದೇ ಪರಿಗಣಿಸಿರುವುದರಲ್ಲಿ. ಗಾಯಕ ಇಲ್ಲಿ ಪ್ರಶ್ನೆಗೆ ಉತ್ತರ ಕೊಡಬೇಕಾದವನು, ತಪ್ಪಬಹುದಾದವನು, ಮನಸ್ಸು ಬದಲಿಸಬಹುದಾದವನು. ಮೆಚ್ಚುಗೆಯಷ್ಟನ್ನೇ ಪಡೆಯುವ ಕಲಾವಿದನಿಗೆ ಈ ಸ್ಥಾನ ಎಂದೂ ದೊರೆಯದು. ಯಾರೊಡನೆ ಜಗಳವಾಡಬಹುದೋ ಅವರನ್ನು ಮಾತ್ರ ನಾವು ಚಿಂತಕರೆಂದು ಕಾಣುತ್ತೇವೆ.

ಭಾಷೆಯ ವಿಚಾರದಲ್ಲಿ ಮಾತ್ರ ಎರಡೂ ಚಿತ್ರಗಳು ಒಂದೇ ತೊಡಕಿಗೆ ಸಿಲುಕುತ್ತವೆ. ಟಿಪಾನಿಯಾ ಅವರ ಪದಗಳು ಮಾಳವಿಯವು. ಹೊರಗಿನವರೊಡನೆ ಆಡುವ ಮಾತು ಬಹುಪಾಲು ಹಿಂದಿಯದು. ಈ ಹೊರಳುವಿಕೆಯೇ ಒಂದು ಸಾಮಾಜಿಕ ಕ್ರಿಯೆ: ಯಾರ ಮುಂದೆ ಯಾವ ನುಡಿ ಎಂಬ ನಿರ್ಧಾರ ಅದರೊಳಗಿದೆ. ಇಂಗ್ಲಿಷ್ ಸಬ್‌ಟೈಟಲ್ ಎರಡನ್ನೂ ಒಂದೇ ಸಮತಲಕ್ಕೆ ತರುತ್ತದೆ. ಕೆಳಗಿನ ಸಾಲನ್ನು ಓದಿ ನೋಡುವ ಪ್ರೇಕ್ಷಕನಿಗೆ ಮಾಳವಿ ಎಲ್ಲಿ ಮುಗಿಯಿತು, ಹಿಂದಿ ಎಲ್ಲಿ ಮೊದಲಾಯಿತು ಎಂಬುದು ತಿಳಿಯದು. ಜನಗಣತಿಯೂ ಇದನ್ನೇ ಮಾಡುತ್ತದೆ: 2011ರಲ್ಲಿ 50 ಲಕ್ಷಕ್ಕೂ ಮಿಕ್ಕಿ ಜನ ತಮ್ಮ ಮಾತೃಭಾಷೆ ಮಾಳವಿ ಎಂದು ಹೇಳಿದ್ದರೂ, ಅವರೆಲ್ಲರೂ ಲೆಕ್ಕಕ್ಕೆ ಸಿಕ್ಕುವುದು ಹಿಂದಿಯ ಅಡಿಯಲ್ಲಿ. ಯೋಜನೆಯವರು ಮುಂದೆ ರೂಪಿಸಿದ ‘ಅಜಬ್ ಶಹರ್’ ಜಾಲತಾಣದಲ್ಲಿ ಪದಗಳ ಮೂಲಪಾಠ, ಲಿಪ್ಯಂತರ, ಅನುವಾದಗಳು ಜೊತೆಜೊತೆಗೆ ಸಿಗುವುದರಿಂದ ಈ ಕೊರತೆ ಒಂದಿಷ್ಟು ತುಂಬಿದೆ. ಆದರೆ ಸಂಗ್ರಹದ ಸಹಜ ಘಟಕ ಬಿಡಿ ಹಾಡು. ಹಾಡಿನ ನಡುವಣ ಮಾತಿಗೆ ಅಲ್ಲಿ ಸ್ವತಂತ್ರ ಸ್ಥಾನ ಕಲ್ಪಿಸುವುದು ಕಷ್ಟ.

ಈ ಚಿತ್ರಗಳ ವಿರುದ್ಧ ಇನ್ನೊಂದು ಆಕ್ಷೇಪವೂ ಸಾಧ್ಯ. ಅವುಗಳ ನಿರೂಪಣೆ ನಿರ್ದೇಶಕಿಯ ಉತ್ತಮ ಪುರುಷದ ದನಿಯಲ್ಲಿದೆ. ಹುಡುಕಾಟ ಅವರದು, ಗಾಯಕರು ಅದರ ದಾರಿಯಲ್ಲಿ ಎದುರಾಗುವವರು. ಆಕ್ಷೇಪದಲ್ಲಿ ಹುರುಳಿದೆ. ಆದರೆ ನಿರೂಪಕರು ಮರೆಯಲ್ಲಿ ನಿಲ್ಲುವ ಚಿತ್ರಗಳಿಗಿಂತ ಇದು ಹೆಚ್ಚು ಪ್ರಾಮಾಣಿಕ. ಕೇಳುವವರು ಯಾರು, ಯಾವ ಕಾರಣಕ್ಕೆ ಕೇಳುತ್ತಿದ್ದಾರೆ ಎಂಬುದು ತಿಳಿದಾಗ ಹೇಳುವವರ ಮಾತಿನ ತೂಕವನ್ನು ಅಳೆಯಬಹುದು. ವಿರ್ಮಾನಿ ಸ್ವತಃ ತಂಬೂರ ಹಿಡಿದು ಹಾಡಲು ಕಲಿತದ್ದರಿಂದ, ಹುಡುಕಾಟ ಕ್ರಮೇಣ ಶಿಷ್ಯವೃತ್ತಿಗೆ ತಿರುಗುವುದನ್ನೂ ಕಾಣಬಹುದು.

ಗಡಿನಾಡಿನ ಕನ್ನಡ ಅಧ್ಯಯನಕ್ಕೆ ಈ ಚರ್ಚೆ ದೂರದ್ದಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲೂ ತತ್ವಪದಗಳನ್ನು ಹಾಡುವ ಭಜನಾ ಮಂಡಳಿಗಳಿವೆ. ತತ್ವಪದಗಳ ಪಠ್ಯ ಕನ್ನಡದಲ್ಲಿ ಸಂಪುಟ ಸಂಪುಟವಾಗಿ ಅಚ್ಚಾಗಿದೆ. ಪದವನ್ನು ಹಾಡುತ್ತ ಹಾಡುತ್ತ ಅದರ ಒಗಟು ಬಿಡಿಸುವ, ಕನ್ನಡದಿಂದ ಮರಾಠಿಗೆ ಹೊರಳಿ ಕೇಳುಗರನ್ನು ಒಳಗೊಳ್ಳುವ ಮಾತು ಅಚ್ಚಿಗೆ ಬರುವಂಥದ್ದಲ್ಲ. ಅದು ಉಳಿದರೆ ಚಿತ್ರದಲ್ಲಿ, ಧ್ವನಿಯಲ್ಲಿ ಉಳಿಯಬೇಕು. ಹಾಡು ಮುಗಿದೊಡನೆ ಯಂತ್ರವನ್ನು ನಿಲ್ಲಿಸುವ ಕ್ಷೇತ್ರಕಾರ್ಯ ಕಂಠವನ್ನು ಕಾಪಿಟ್ಟು ಬುದ್ಧಿಯನ್ನು ಕೈಬಿಡುತ್ತದೆ. ಅಲ್ಪಸಂಖ್ಯಾತ ನುಡಿಗಳ ಗಾಯಕರಿಗೆ ಸನ್ಮಾನಗಳ ಕೊರತೆ ಅಷ್ಟಾಗಿಲ್ಲ. ಕೊರತೆಯಿರುವುದು ಅವರು ಹೇಳಿದ್ದನ್ನು ಪೂರ್ತಿ ಕೇಳಿ, ಒಪ್ಪದಿದ್ದಲ್ಲಿ ಒಪ್ಪುವುದಿಲ್ಲವೆಂದು ಅವರ ಮುಂದೆಯೇ ಹೇಳಬಲ್ಲ ಕೇಳುಗರದು.