ಕಂಡದ್ದೆಷ್ಟು, ಊಹಿಸಿದ್ದೆಷ್ಟು?

‘ಕಣ್ಣಾರೆ ಕಂಡೆ’ ಎಂದರೆ ಮಾತು ಮುಗಿದಂತೆ. ಊರ ಪಂಚಾಯಿತಿ ಇರಲಿ, ನ್ಯಾಯಾಲಯ ಇರಲಿ, ಕಣ್ಣಿಗಿಂತ ದೊಡ್ಡ ಸಾಕ್ಷಿ ಇಲ್ಲವೆಂದು ನಾವು ನಂಬುತ್ತೇವೆ. ಆದರೆ ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯೂ ನಮ್ಮದೇ. ಕಂಡ ಮೇಲೂ ಪರಾಂಬರಿಸಬೇಕು ಏಕೆ? ನೋಟದ ಬಗ್ಗೆ ಮನಶ್ಶಾಸ್ತ್ರ ಕಟ್ಟಿರುವ ಸಿದ್ಧಾಂತಗಳನ್ನು ಈ ಪ್ರಶ್ನೆಯ ಎದುರು ನಿಲ್ಲಿಸಿ ನೋಡಬೇಕಾಗಿದೆ. ಏಕೆಂದರೆ ಇದು ಕೇವಲ ಪ್ರಯೋಗಶಾಲೆಯ ಚರ್ಚೆಯಲ್ಲ. ಮನುಷ್ಯರ ಪ್ರಾಣವೂ ಇದರಲ್ಲಿ ಸಿಕ್ಕಿಕೊಂಡಿದೆ.

ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1867ರಲ್ಲಿ ಮುಗಿಸಿದ ತಮ್ಮ ಬೃಹತ್ ದೃಗ್ವಿಜ್ಞಾನ ಗ್ರಂಥದಲ್ಲಿ, ನೋಟವೆಂಬುದು ನಮಗೆ ಅರಿವಿಲ್ಲದೆ ನಡೆಯುವ ಒಂದು ಅನುಮಾನ ಎಂದರು. ಕಣ್ಣಿನ ಒಳಪರದೆಯ ಮೇಲೆ ಬೀಳುವ ಚಿತ್ರ ಚಪ್ಪಟೆಯಾದದ್ದು, ತಲೆಕೆಳಗಾದದ್ದು. ಹತ್ತಿರದ ಚಿಕ್ಕ ವಸ್ತುವೂ ದೂರದ ದೊಡ್ಡ ವಸ್ತುವೂ ಅಲ್ಲಿ ಒಂದೇ ಅಳತೆಯ ಚಿತ್ರ ಮೂಡಿಸಬಲ್ಲವು. ಯಾವುದು ಯಾವುದೆಂದು ತೀರ್ಮಾನಿಸುವುದು ಹಿಂದಿನ ಅನುಭವ. ಬ್ರಿಟನ್ನಿನ ರಿಚರ್ಡ್ ಗ್ರೆಗರಿ 1966ರ ‘ಐ ಆ್ಯಂಡ್ ಬ್ರೇನ್’ ಪುಸ್ತಕದ ಮೂಲಕ ಈ ವಾದವನ್ನು ಜನಸಾಮಾನ್ಯರಿಗೂ ಮುಟ್ಟಿಸಿದರು. ಅವರ ಪ್ರಕಾರ ಕಾಣುವುದೆಂದರೆ ಊಹೆ ಕಟ್ಟುವುದು. ಮುಖವಾಡವನ್ನು ತಿರುಗಿಸಿ ಅದರ ಒಳಗಿನ ತಗ್ಗು ಬದಿಯನ್ನು ತುಸು ದೂರದಿಂದ ನೋಡಿದರೆ ಅದೂ ಉಬ್ಬಿದ ಮುಖವಾಗಿಯೇ ಕಾಣುತ್ತದೆ. ಮುಖವೆಂದರೆ ಉಬ್ಬಿರುವುದು ಎಂಬ ರೂಢಿ ಕಣ್ಣೆದುರಿನ ಸತ್ಯವನ್ನೂ ಸೋಲಿಸುತ್ತದೆ. ಮಬ್ಬಿನಲ್ಲಿ ಹಗ್ಗ ಹಾವಾಗುವ ನಮ್ಮ ಹಳೆಯ ದೃಷ್ಟಾಂತವೂ ಇದೇ ಜಾತಿಯದು.

ಅಮೆರಿಕದ ಜೇಮ್ಸ್ ಗಿಬ್ಸನ್ ಇದನ್ನು ಒಪ್ಪಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ನೋಟವನ್ನು ಅಭ್ಯಸಿಸಿದ್ದ ಅವರು 1979ರ ತಮ್ಮ ಪುಸ್ತಕದಲ್ಲಿ ಇದಕ್ಕೆ ತದ್ವಿರುದ್ಧವಾದ ವಾದವನ್ನು ಮಂಡಿಸಿದರು. ಒಂದು ಚಿತ್ರವನ್ನು ನೋಡುತ್ತ ಕದಲದೆ ಕುಳಿತವನಿಗೆ ಊಹೆ ಬೇಕಾದೀತು. ಆದರೆ ಮನುಷ್ಯ ನಡೆಯುತ್ತಾನೆ, ಕತ್ತು ತಿರುಗಿಸುತ್ತಾನೆ. ಆಗ ಹತ್ತಿರದ್ದು ಬೇಗ ಸರಿಯುತ್ತದೆ, ದೂರದ್ದು ನಿಧಾನವಾಗಿ ಸರಿಯುತ್ತದೆ. ಬೆಳಕಿನ ಈ ಹರಿವಿನಲ್ಲೇ ಬೇಕಾದ ಮಾಹಿತಿಯೆಲ್ಲ ಇದೆ, ಮನಸ್ಸು ತನ್ನದೇನನ್ನೂ ಸೇರಿಸಬೇಕಿಲ್ಲ ಎಂಬುದು ಅವರ ನಿಲುವು.

ಎರಡೂ ವಾದಗಳು ಅರ್ಧ ದಾರಿಯಲ್ಲಿ ನಿಲ್ಲುತ್ತವೆ ಎಂದು ನಮಗನಿಸುತ್ತದೆ. ನಾವು ಗುಂಡಿಗೆ ಬೀಳದೆ ಹೇಗೆ ನಡೆಯುತ್ತೇವೆ ಎಂಬುದನ್ನು ಗಿಬ್ಸನ್ ಚೆನ್ನಾಗಿ ವಿವರಿಸುತ್ತಾರೆ. ಎದುರಿಗಿರುವವನ ಕೈಯಲ್ಲಿರುವುದನ್ನು ನಾವೇಕೆ ತಪ್ಪಾಗಿ ತಿಳಿಯುತ್ತೇವೆ ಎಂಬುದಕ್ಕೆ ಅವರಲ್ಲಿ ತೃಪ್ತಿಕರ ಉತ್ತರವಿಲ್ಲ. ಗ್ರೆಗರಿ ತಪ್ಪನ್ನು ವಿವರಿಸುತ್ತಾರೆ; ಆದರೆ ಯಾವ ತಿಳುವಳಿಕೆ ನೋಟದೊಳಗೆ ನುಸುಳುತ್ತದೆ, ಯಾವುದು ಹೊರಗೇ ಉಳಿಯುತ್ತದೆ ಎಂಬುದನ್ನು ಸಡಿಲ ಬಿಡುತ್ತಾರೆ. ಮುಲ್ಲರ್-ಲೈಯರ್ 1889ರಲ್ಲಿ ತೋರಿಸಿದ ಸಮ ಉದ್ದದ ಎರಡು ಗೆರೆಗಳನ್ನೇ ತೆಗೆದುಕೊಳ್ಳಿ. ಒಂದರ ತುದಿಗಳಲ್ಲಿ ಒಳಕ್ಕೆ ಮಡಿಚಿದ ಗರಿಗಳಿವೆ, ಇನ್ನೊಂದರಲ್ಲಿ ಹೊರಕ್ಕೆ ಚಾಚಿದ ಗರಿಗಳು. ಎರಡನೆಯದು ಉದ್ದವಾಗಿ ಕಾಣುತ್ತದೆ. ಅಳತೆಪಟ್ಟಿ ಇಟ್ಟು ಅಳೆದ ಮೇಲೂ ಹಾಗೆಯೇ ಕಾಣುತ್ತದೆ. ಅಂದರೆ ನಮಗೆ ಗೊತ್ತಿರುವುದೆಲ್ಲ ಕಣ್ಣನ್ನು ತಿದ್ದುವುದಿಲ್ಲ. ನಂಬಿಕೆಗಳು ನೋಟವನ್ನೇ ಬದಲಿಸುತ್ತವೆ ಎನ್ನುವ ಅನೇಕ ಪ್ರಯೋಗಗಳನ್ನು ಫೈರ್‌ಸ್ಟೋನ್ ಮತ್ತು ಶೋಲ್ 2016ರಲ್ಲಿ ಪರಿಶೀಲಿಸಿದರು. ಹಲವೆಡೆ ಬದಲಾದದ್ದು ನೋಟವಲ್ಲ, ನೋಟದ ಮೇಲಿನ ತೀರ್ಪು ಇರಬಹುದು ಎಂದು ಅವರು ವಾದಿಸಿದರು.

ಈ ಸೂಕ್ಷ್ಮ ಭೇದ ಕಟ್ಟಿಕೊಂಡು ನಮಗೇನಾಗಬೇಕು ಎಂದು ಕೇಳಬಹುದು. 1999ರ ಫೆಬ್ರವರಿ 4ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಗಿನಿ ದೇಶದಿಂದ ವಲಸೆ ಬಂದಿದ್ದ 23 ವರ್ಷದ ಕಪ್ಪು ಯುವಕ ಅಮಾಡೊ ಡಿಯಾಲೊ ತಮ್ಮ ಮನೆಯ ಬಾಗಿಲ ಬಳಿ ನಿಂತಿದ್ದರು. ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. 19 ಗುಂಡುಗಳು ತಗುಲಿದವು. ಅವರ ಬಳಿ ಇದ್ದದ್ದು ಹಣದ ಪರ್ಸ್ ಮಾತ್ರ. ಅದು ಪಿಸ್ತೂಲು ಎಂದುಕೊಂಡೆವು ಎಂದರು ಪೊಲೀಸರು. 2000ದಲ್ಲಿ ನಾಲ್ವರೂ ಖುಲಾಸೆಯಾದರು.

ಮರುವರ್ಷ, ಮನಶ್ಶಾಸ್ತ್ರಜ್ಞ ಕೀತ್ ಪೇನ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪರದೆಯ ಮೇಲೆ ಕಪ್ಪು ಅಥವಾ ಬಿಳಿಯ ವ್ಯಕ್ತಿಯ ಮುಖವೊಂದು ಮಿಂಚಿ ಮಾಯವಾಗುತ್ತದೆ. ಬಳಿಕ ಪಿಸ್ತೂಲು ಅಥವಾ ಇಕ್ಕಳದಂತಹ ಉಪಕರಣದ ಚಿತ್ರ ಬರುತ್ತದೆ. ಅರ್ಧ ಸೆಕೆಂಡಿನೊಳಗೆ ಉತ್ತರಿಸಬೇಕಾದಾಗ, ಕಪ್ಪು ಮುಖದ ನಂತರ ಬಂದ ಉಪಕರಣವನ್ನು ಜನ ಹೆಚ್ಚು ಸಲ ಪಿಸ್ತೂಲು ಎಂದರು. 2005ರಲ್ಲಿ ಪೇನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವಸರದ ಉತ್ತರದ ನಂತರ, ಅವಸರವಿಲ್ಲದೆ ಮತ್ತೊಮ್ಮೆ ಹೇಳಲು ಅವಕಾಶ ಕೊಟ್ಟರು. ಆಗ ಜನ ತಮ್ಮ ತಪ್ಪನ್ನು ತಾವೇ ತಿದ್ದಿಕೊಂಡರು. ಕಣ್ಣು ಸರಿಯಾಗಿಯೇ ಕಂಡಿತ್ತು. ಉತ್ತರ ಕೊಟ್ಟದ್ದು ಪೂರ್ವಗ್ರಹ. ಬ್ರಾಂಕ್ಸ್‌ನ ಆ ರಾತ್ರಿ ಪ್ರಯೋಗಶಾಲೆಯಲ್ಲ, ನಿಜ. ಆದರೂ ‘ಹಾಗೆ ಕಂಡಿತು, ಏನು ಮಾಡಲಿ’ ಎಂಬ ಸಮಜಾಯಿಷಿ ಇದರಿಂದ ಬಹಳಷ್ಟು ಬಲ ಕಳೆದುಕೊಳ್ಳುತ್ತದೆ.

ಇಲ್ಲಿ ಇಬ್ನುಲ್ ಹೈಸಮ್ ನೆನಪಾಗುತ್ತಾರೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಅವರು ಹನ್ನೊಂದನೇ ಶತಮಾನದಲ್ಲಿ ‘ಕಿತಾಬುಲ್ ಮನಾಝಿರ್’ ಬರೆದರು. ನೋಟದಲ್ಲಿ ತೀರ್ಮಾನವೂ ಬೆರೆತಿದೆ, ಅದು ಎಷ್ಟು ಕ್ಷಿಪ್ರವೆಂದರೆ ನಮ್ಮ ಗಮನಕ್ಕೇ ಬರುವುದಿಲ್ಲ ಎಂದು ಹೆಲ್ಮ್‌ಹೋಲ್ಟ್ಸ್‌ಗಿಂತ ಎಂಟು ಶತಮಾನ ಮೊದಲೇ ಹೇಳಿದ್ದರು. ವಿಶ್ವಸಂಸ್ಥೆ 2015ನ್ನು ಬೆಳಕಿನ ವರ್ಷವಾಗಿ ಆಚರಿಸಿದಾಗ ಅವರ ಹೆಸರು ಲೋಕವಿಡೀ ಕೇಳಿಬಂತು. ‘ಎಲ್ಲವನ್ನೂ ನಮ್ಮವರು ಮೊದಲೇ ಹೇಳಿದ್ದರು’ ಎಂದು ಬೀಗಿ ಸುಮ್ಮನಾದರೆ ಅವರನ್ನು ಓದಿದಂತಾಗದು. ಕಣ್ಣಿನ ಮಸೂರವೇ ಬೆಳಕನ್ನು ಗ್ರಹಿಸುತ್ತದೆ ಎಂದು ಅವರು ಭಾವಿಸಿದ್ದರು. ಚಿತ್ರ ಮೂಡುವುದು ಒಳಪರದೆಯಲ್ಲಿ ಎಂಬುದನ್ನು 1604ರಲ್ಲಿ ಕೆಪ್ಲರ್ ತೋರಿಸಬೇಕಾಯಿತು.

ಆದರೆ ನಂತರದವರು ಬದಿಗೆ ಸರಿಸಿದ ಒಂದು ವಿಚಾರ ಅವರಲ್ಲಿದೆ. ಅವರು ನೋಟವನ್ನು ಎರಡಾಗಿ ವಿಂಗಡಿಸುತ್ತಾರೆ: ತಟ್ಟನೆ ಬೀಳುವ ಕಣ್ಣೋಟ, ನಿಂತು ಪರಿಶೀಲಿಸುವ ನೋಟ. ವಸ್ತುವಿನ ನಿಜರೂಪ ಖಚಿತವಾಗುವುದು ಎರಡನೆಯದರಲ್ಲಿ. ನೋಟ ತಪ್ಪದಿರಲು ಬೇಕಾದ ಷರತ್ತುಗಳನ್ನು ಪಟ್ಟಿ ಮಾಡುವಾಗ ದೂರ, ಬೆಳಕು, ಕಣ್ಣಿನ ಆರೋಗ್ಯಗಳ ಜತೆಗೆ ಅವರು ಸಮಯವನ್ನೂ ಸೇರಿಸುತ್ತಾರೆ. ಸಮಯ ಸಾಲದಿದ್ದರೆ ಕಣ್ಣು ತಪ್ಪುತ್ತದೆ. ಪೇನ್ ಅವರ ಅರ್ಧ ಸೆಕೆಂಡಿನ ಪ್ರಯೋಗವನ್ನು ಓದುವಾಗ ಈ ಮಾತು ನಮ್ಮನ್ನು ತಡೆದು ನಿಲ್ಲಿಸುತ್ತದೆ.

ಕನ್ನಡದಲ್ಲಿ ‘ಅನುಮಾನ’ಕ್ಕೆ ಎರಡು ಅರ್ಥಗಳಿವೆ. ತರ್ಕದಲ್ಲಿ ಅದು ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ತಿಳಿಯುವ ದಾರಿ, ಆಡುಮಾತಿನಲ್ಲಿ ಸಂಶಯ. ಮೊದಲನೆಯದಿಲ್ಲದೆ ನಾವು ನೋಡಲಾರೆವು. ಅದು ಎರಡನೆಯದಾಗಿ ತಿರುಗುವುದು ಎದುರಿಗಿರುವವನ ಮೈಬಣ್ಣ, ಉಡುಪು, ಹೆಸರುಗಳನ್ನು ಕಂಡೊಡನೆ ತೀರ್ಪು ಕೊಟ್ಟಾಗ. ಮಿದುಳು ಹಾಗೇ ಇದೆ ಎಂದು ವಿಜ್ಞಾನದ ಹೆಸರಿನಲ್ಲಿ ಕೈತೊಳೆದುಕೊಳ್ಳುವುದು ಸುಲಭ. ಮೊದಲ ನೋಟದ ಮೇಲೆ ನಮಗೆ ಪೂರ್ತಿ ಹಿಡಿತವಿಲ್ಲ ಎಂಬುದನ್ನು ಒಪ್ಪೋಣ. ಎರಡನೇ ನೋಟಕ್ಕೆ ಸಮಯ ಕೊಡುವುದು, ಕೊಡದಿರುವುದು ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಬಂದೂಕು ಹಿಡಿದವರಿಗೆ ತರಬೇತಿ ಕೊಡುವವರ ಕೈಯಲ್ಲಂತೂ ಖಂಡಿತ ಇದೆ.